ಎಂಟು ವರ್ಷದ ಅಂಚೆಯಣ್ಣಂದಿರು

ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜ್ ಬಡಾವಣೆ. ಅಲ್ಲಿನ 13ನೇ ಬೀದಿಯ ಹಳೆಯ ಮನೆಗಳ ಸಾಲಿನಲ್ಲೊಂದು ಶಾಲೆ. ಹೆಸರು ಸಿಟಿ ಅಂಡ್ ಕಂಟ್ರಿ ಸ್ಕೂಲ್. ಮಕ್ಕಳು ಬೆಳಿಗ್ಗೆ ಬಂದು, ಶಾಲೆ ಬಿಟ್ಟ ಮೇಲೆ ಮನೆಗೆ ಮರಳುತ್ತಾರೆ. ಶಾಲೆಯೊಳಗಿನ ಅಂಚೆ ಕಚೇರಿ ನಡೆಸುವವರು ಎಂಟು ವರ್ಷದವರು. ಕಾಗದ, ಪೆನ್ಸಿಲ್ ಮಾರುವ ಅಂಗಡಿ ಒಂಬತ್ತು ವರ್ಷದವರದು. ಹನ್ನೊಂದು ತುಂಬಿದವರಿಗೆ ಮುದ್ರಣಾಲಯ!

1914ರಲ್ಲಿ ಇದನ್ನು ಆರಂಭಿಸಿದ ಕ್ಯಾರೊಲಿನ್ ಪ್ರ್ಯಾಟ್ ಮರಗೆಲಸ ಕಲಿಸುತ್ತಿದ್ದ ಶಿಕ್ಷಕಿ. ಬಣ್ಣ ಬಳಿಯದ ಮರದ ತುಂಡುಗಳೇ ಅವರು ಚಿಕ್ಕ ಮಕ್ಕಳಿಗೆ ಕೊಟ್ಟ ಮೊದಲ ಪಠ್ಯ. ಎರಡು ಚಿಕ್ಕ ತುಂಡು ಸೇರಿದರೆ ಒಂದು ದೊಡ್ಡದರ ಅಳತೆ. ಮಕ್ಕಳು ಅದರಲ್ಲೇ ಸೇತುವೆ, ಬಂದರು, ಬೀದಿಗಳನ್ನು ಕಟ್ಟುತ್ತಾರೆ.

‘ಹಾಗಾದರೆ ಓದು, ಲೆಕ್ಕ?’ ಎಂಬುದು ಹೆತ್ತವರ ಸಹಜ ಆತಂಕ. ತರಗತಿಯ ಪಾಠಗಳೂ ಇವೆ. ಆದರೆ ಚಿಲ್ಲರೆ ತಪ್ಪಾಗಿ ಕೊಟ್ಟರೆ ಅಂಗಡಿಯ ಲೆಕ್ಕ ತಾಳೆಯಾಗದು. ವಿಳಾಸ ಸರಿಯಾಗಿ ಓದದಿದ್ದರೆ ಪತ್ರ ಯಾರದೋ ಕೈ ಸೇರುತ್ತದೆ. ಅಚ್ಚಿನಲ್ಲಿ ಕಾಗುಣಿತ ತಪ್ಪಿದರೆ ಅದು ಇಡೀ ಶಾಲೆಯ ಕಣ್ಣಿಗೆ ಬೀಳುತ್ತದೆ. ಕಲಿತದ್ದು ಏಕೆ ಬೇಕೆಂದು ಮಗುವಿಗೆ ಬೇರೆ ಹೇಳಬೇಕಾಗಿಲ್ಲ.

ದುಡಿಯುವ ಜನರ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಪ್ರ್ಯಾಟ್ ಕಟ್ಟಿದ ಶಾಲೆ ಇಂದು ದುಬಾರಿ ಶುಲ್ಕದ ಖಾಸಗಿ ಸಂಸ್ಥೆ. ಅದು ಎಲ್ಲರ ಕೈಗೆಟುಕದು. ಮರದ ತುಂಡುಗಳನ್ನಾದರೋ ಯಾವ ಊರಿನ ಬಡಗಿಯೂ ಕೊಯ್ದುಕೊಡಬಲ್ಲ. ಮಗುವಿಗೆ ಶಾಲೆ ಹುಡುಕುವ ಹೆತ್ತವರು ಫಲಿತಾಂಶದ ಪಟ್ಟಿ ನೋಡಿದ ಮೇಲೆ ಒಂದು ಮಾತು ಕೇಳಬಹುದು: ‘ಇಲ್ಲಿ ಮಕ್ಕಳನ್ನು ನಂಬಿ ಯಾವ ಕೆಲಸ ಬಿಟ್ಟಿದ್ದೀರಿ?’