ಉಪ್ಪುಕಂಡ

ಹೆಂಗಸರ ಪತ್ರಿಕೆಗಳ ಯುಗಾದಿ ಸಂಚಿಕೆಗಳನ್ನು ನಾನು ನಲವತ್ತು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಒಬ್ಬಟ್ಟಿನಲ್ಲಿ ಎಷ್ಟು ಬಗೆ ಇದೆಯೋ ಅಷ್ಟೂ ಅಲ್ಲಿ ಬಂದು ಹೋಗಿದೆ. ಬೇಳೆ ಒಬ್ಬಟ್ಟು, ಕಾಯಿ ಒಬ್ಬಟ್ಟು, ಖರ್ಜೂರದ ಒಬ್ಬಟ್ಟು, ಕಡೆಗೆ ಕ್ಯಾರೆಟ್ಟಿನ ಒಬ್ಬಟ್ಟೂ ಬಂತು. ಆದರೆ ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಬಹಳಷ್ಟು ಮನೆಗಳ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದರ ಬಗ್ಗೆ ಒಂದು ಸಾಲು ಕಂಡ ನೆನಪಿಲ್ಲ. ಬಾಡಿನ ಮಾತು ಬಂದರೆ ನಾವೂ ದನಿ ತಗ್ಗಿಸುತ್ತೇವೆ. ನಾನು ಮೇಷ್ಟ್ರಾಗಿದ್ದ ಶಾಲೆಯಲ್ಲಿ (ಹೆಂಗಸಾದರೂ ಊರಿನವರು ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು) ಹಬ್ಬದ ಮಾರನೆಯ ದಿನ ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ಸರಿಸಿ ಉಣ್ಣುತ್ತಿದ್ದ ಟೀಚರುಗಳು ನಾನೊಬ್ಬಳೇ ಅಲ್ಲ. ಈಗ ನಿವೃತ್ತಿಯಾಗಿದೆ, ಮುಚ್ಚಳ ಪೂರ್ತಿ ತೆಗೆದರೂ ಕೇಳುವವರಿಲ್ಲ.

ನನ್ನ ತವರು ಉಡಿಗಾಲ. ಈಗ ಚಾಮರಾಜನಗರ ಜಿಲ್ಲೆ ಅನ್ನುತ್ತೇವೆ. 1997ರಲ್ಲಿ ಹೊಸ ಜಿಲ್ಲೆ ಆಗುವ ತನಕ ನಾವೆಲ್ಲ ಮೈಸೂರು ಜಿಲ್ಲೆಯವರೇ. ಊರಿನಲ್ಲಿ ಬಾಡು ಮುಟ್ಟದವರ ಬೀದಿಗಳೂ ಇವೆ, ಮುಟ್ಟುವವರ ಬೀದಿಗಳೂ ಇವೆ. ನಮ್ಮದು ಎರಡನೆಯ ಬಗೆ. ಯುಗಾದಿಯ ದಿನ ಎಲ್ಲರ ಮನೆಯಲ್ಲೂ ಬೇವು ಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು, ಕೆಲವರು ವರ್ಷತೊಡಕು ಅನ್ನುತ್ತಾರೆ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ. ಅದಕ್ಕೇ ಹುಡುಗರು ಬೈಗುಳ ತಿನ್ನದಂತೆ ಹುಷಾರಾಗಿರುತ್ತಿದ್ದರು, ಗಂಡಸರು ಕಟ್ಟೆಯ ಮೇಲೆ ಎಲೆ ಹಾಕಿಕೊಂಡು ಇಸ್ಪೀಟಿಗೆ ಕೂರುತ್ತಿದ್ದರು, ಎಲ್ಲರ ಮನೆಯಲ್ಲೂ ಬಾಡು ಆಗಲೇಬೇಕಿತ್ತು. ಹೊಸತೊಡಕು ಸೋಮವಾರ ಬಿದ್ದರೆ ಮಾತ್ರ ಒಂದು ದಿನ ಮುಂದಕ್ಕೆ. ಆ ಸೋಮವಾರದಷ್ಟು ಉದ್ದನೆಯ ದಿನವನ್ನು ನಾನು ಬೇರೆ ಕಂಡಿಲ್ಲ.

ಬಾಡು ಅಂಗಡಿಯಿಂದ ಬರುತ್ತಿರಲಿಲ್ಲ, ಚೀಟಿಯಿಂದ ಬರುತ್ತಿತ್ತು. ಯುಗಾದಿ ಕಳೆದ ವಾರದಿಂದಲೇ ಮುಂದಿನ ಯುಗಾದಿಯ ಚೀಟಿ ಶುರು. ನನ್ನ ಬಾಲ್ಯದಲ್ಲಿ ಮನೆಗೆ ವಾರಕ್ಕೆ ಎಂಟಾಣೆ. ವರ್ಷಕ್ಕೆ ಇಪ್ಪತ್ತಾರು ರೂಪಾಯಿ. ಅದನ್ನು ನಡುವೆ ಬೇಕಾದವರಿಗೆ ಬಡ್ಡಿಗೆ ಕೊಡುತ್ತಿದ್ದರು; ಬಡ್ಡಿಯೂ ಸೇರಿ ಹಬ್ಬದ ಹೊತ್ತಿಗೆ ಗಂಟು ದಪ್ಪವಾಗಿರುತ್ತಿತ್ತು. ಬ್ಯಾಂಕಿನ ಮುಖ ನೋಡದ ಜನ ಎಂದು ನಮ್ಮನ್ನು ಹೇಳುವವರು ಈ ಲೆಕ್ಕದ ಪುಸ್ತಕವನ್ನು ಒಮ್ಮೆ ನೋಡಬೇಕಿತ್ತು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಇಬ್ಬರು ಮೂವರು ಹೋಗಿ ಕುರಿಗಳನ್ನು ಹಿಡಿದು ತರುತ್ತಿದ್ದರು. ಹೊಸತೊಡಕಿನ ದಿನ ಕೋಳಿ ಕೂಗುವ ಹೊತ್ತಿಗೆ ತೋಟದ ಹೊಂಗೆಮರದ ಕೆಳಗೆ ಕೆಲಸ ಶುರುವಾಗಿರುತ್ತಿತ್ತು.

ಅಲ್ಲಿ ತಕ್ಕಡಿ ಇರುತ್ತಿರಲಿಲ್ಲ. ಬಾಳೆ ಎಲೆಗಳನ್ನು ಸಾಲಾಗಿ ಹಾಸಿ, ಪುಸ್ತಕದಲ್ಲಿ ಎಷ್ಟು ಹೆಸರೋ ಅಷ್ಟು ಗುಡ್ಡೆ. ತೊಡೆಯದೊಂದು ತುಂಡು ಈ ಗುಡ್ಡೆಗೆ ಹಾಕಿದರೆ ಆ ಗುಡ್ಡೆಗೂ ಒಂದು. ಪಕ್ಕೆ, ಬೆನ್ನು, ಲಿವರು, ಬೋಟಿ, ಕೊಬ್ಬು, ಎಲ್ಲವೂ ಹಾಗೆಯೇ. ಒಂದು ತೊಡೆ ಇಡಿಯಾಗಿ ಯಾರ ಮನೆಗೂ ಹೋಗುತ್ತಿರಲಿಲ್ಲ, ಪಟೇಲರ ಮನೆಗೂ ಇಲ್ಲ. ಗುಡ್ಡೆ ಹಾಕಿ ಮುಗಿದ ಮೇಲೆ ಒಬ್ಬ ಅತ್ತ ತಿರುಗಿ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಇನ್ನೊಬ್ಬ ಒಂದು ಗುಡ್ಡೆಗೆ ಕೋಲು ತೋರಿಸಿ 'ಇದ್ಯಾರ್ದು?' ಎಂದು ಕೇಳಿದರೆ, ಬೆನ್ನು ಕೊಟ್ಟವನು ಬಾಯಿಗೆ ಬಂದ ಒಂದು ಹೆಸರು ಕೂಗುತ್ತಿದ್ದ. ಕೂಗಿದವನ ಗುಡ್ಡೆ ಅದು, ತಕರಾರಿಲ್ಲ. ಇದಕ್ಕಿಂತ ಚೊಕ್ಕವಾದ ನ್ಯಾಯವನ್ನು ನಾನು ಕೋರ್ಟು ಕಚೇರಿಗಳಲ್ಲೂ ಕಂಡಿಲ್ಲ. ಆದರೆ ಒಂದು ಮಾತು ಹೇಳಬೇಕು. ಮರದ ಕೆಳಗಿದ್ದ ಆ ನ್ಯಾಯ ಮನೆಗೆ ಬರುವಾಗ ಹೊಸಿಲಿನಲ್ಲೇ ನಿಂತುಬಿಡುತ್ತಿತ್ತು. ಒಳಗೆ ನಲ್ಲಿಮೂಳೆ ಅಪ್ಪನಿಗೆ, ಲಿವರು ಗಂಡುಹುಡುಗನಿಗೆ, ಮೆತ್ತನೆ ತುಂಡು ಬೀಗರಿಗೆ. ಮುದ್ದೆ ಮುರಿದು ಕೊನೆಗೆ ಕೂತ ಅವ್ವನ ತಟ್ಟೆಗೆ ಸಾರು, ಸಾರಿನ ತಳದಲ್ಲಿ ಸಿಕ್ಕಿದ ಮೂಳೆ.

ಅಪ್ಪ 1971ರ ಕಾರ್ತಿಕದಲ್ಲಿ ತೀರಿಕೊಂಡರು. ನನಗೆ ಹತ್ತು ವರ್ಷ, ತಮ್ಮನಿಗೆ ನಾಲ್ಕು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ, ಹಾಗಾಗಿ 1972ರ ಹೊಸತೊಡಕು ನಮಗೆ ಇರಲಿಲ್ಲ. ಆದರೆ ಹಬ್ಬ ಕಳೆದ ವಾರ ಹೊಸ ಚೀಟಿಗೆ ಹೆಸರು ಬರೆಸುವಾಗ ಅವ್ವ ಎಂಟಾಣೆ ಹಿಡಿದು ಹೋದಳು. ಚೀಟಿ ನಡೆಸುವವರು ಅವಳಿಗೆ ವರಸೆಯಲ್ಲಿ ಮಾವ. ಬೇಡ ಎನ್ನಲಿಲ್ಲ, ಒಳ್ಳೆಯವರೇ. 'ಮೊಗಿನ ಹೆಸ್ರು ಬರ್ಕತೀನಿ ಬುಡವ್ವ' ಎಂದರು. ತಮ್ಮನ ಹೆಸರು. ಅವನಿಗೆ ಆಗ ಚಡ್ಡಿ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಹೆಂಗಸಿನ ಹೆಸರು ಅದುವರೆಗೆ ಒಂದೂ ಇರಲಿಲ್ಲ; ಇರಬಾರದೆಂದು ಯಾರೂ ಹೇಳಿರಲಿಲ್ಲ, ಇರಲಿಲ್ಲ ಅಷ್ಟೆ.

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು. 'ದುಡ್ ಕಟ್ಟೋಳು ನಾನು ಕಣ್ ಮಾವ. ನನ್ ಹೆಸ್ರನೇ ಬರ್ಕಳಿ' ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಮನೆಯಲ್ಲಿ ಅವಳದು ದೊಡ್ಡ ಬಾಯಿ. ಮಾವ ಸ್ವಲ್ಪ ಹೊತ್ತು ಪೆನ್ಸಿಲನ್ನು ಕಿವಿಯ ಮೇಲೆ ಇಟ್ಟುಕೊಂಡರು, ತೆಗೆದರು, ಬರೆದರು. ಆಗ ಹೆಣ್ಣಾಳಿನ ದಿನಗೂಲಿ ನಮ್ಮಲ್ಲಿ ಒಂದೂವರೆ ರೂಪಾಯಿ, ಅದೂ ಕೂಲಿ ಇದ್ದ ದಿನ. ಐವತ್ತೆರಡು ವಾರ ಅವಳು ಒಂದು ವಾರವೂ ತಪ್ಪಿಸಲಿಲ್ಲ. ಕಡ್ಡಿಪೆಟ್ಟಿಗೆಯೊಳಗೆ ನಾಲ್ಕಾಣೆ ನಾಲ್ಕಾಣೆಯಾಗಿ ಕೂಡಿಡುತ್ತಿದ್ದಳು.

1973ರ ಹೊಸತೊಡಕಿನ ಬೆಳಿಗ್ಗೆ ಅವಳು ಗುಡ್ಡೆ ತರಲು ಯಾರನ್ನೂ ಕಳಿಸಲಿಲ್ಲ. ದೊಡ್ಡಪ್ಪನ ಮಗ ನಾನು ತರುತ್ತೇನೆ ಅಂದ. ಬೇಡಪ್ಪ ಅಂದಳು. ಡಬರಿ ಹಿಡಿದು ನನ್ನನ್ನೂ ಕರೆದುಕೊಂಡು ಹೋದಳು. ಗಂಡಸರು ಮಾತ್ರ ಇರುವ ಜಾಗ, ಅದರಲ್ಲೂ ವರ್ಷದ ಮೊದಲಿನ ದಿನಗಳಲ್ಲಿ ಬೋಳು ಹಣೆಯ ಹೆಂಗಸು ಎದುರಾದರೆ ಆಗುತ್ತಿರಲಿಲ್ಲ. ಒಂದಿಬ್ಬರು ಮುಖ ತಿರುಗಿಸಿದರು. ಅವ್ವ ಮರದ ಬೊಡ್ಡೆಗೆ ಒತ್ತಿಕೊಂಡು ನಿಂತಳು. ಬೆನ್ನು ಕೊಟ್ಟವನು ಒಂದೊಂದೇ ಹೆಸರು ಕೂಗುತ್ತಿದ್ದ. ಅರ್ಧ ಆಯಿತು, ಮುಕ್ಕಾಲು ಆಯಿತು, ನಮ್ಮದು ಬರಲಿಲ್ಲ. ನನಗೆ ಅಳು ಬರುವ ಹಾಗಾಗಿತ್ತು. ಉಳಿದ ಮೂರರಲ್ಲಿ ಒಂದಕ್ಕೆ ಅವನು ಅವ್ವನ ಹೆಸರು ಕೂಗಿದ.

ನಿಮಗೆ ಇದು ದೊಡ್ಡದಾಗಿ ಕಾಣದಿರಬಹುದು. ಬೀದಿಯಲ್ಲಿ ಅವ್ವನನ್ನು ಮೂಲೆಮನೆಯವಳು ಅನ್ನುತ್ತಿದ್ದರು, ಇಂಥವನ ಹೆಂಡತಿ ಅನ್ನುತ್ತಿದ್ದರು, ಆಮೇಲೆ ಇಂಥವಳ ಅವ್ವ ಎಂದು ನನ್ನ ಹೆಸರನ್ನೇ ಹೇಳುತ್ತಿದ್ದರು. ಅವಳ ಸ್ವಂತ ಹೆಸರನ್ನು ಒಬ್ಬ ಗಂಡಸು ಬಯಲಿನಲ್ಲಿ ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗುಡ್ಡೆ ಎಲ್ಲರದರಷ್ಟೇ ಇತ್ತು. ಆವತ್ತು ನಲ್ಲಿಮೂಳೆಯನ್ನು ಅವಳು ತನ್ನ ತಟ್ಟೆಗೇ ಹಾಕಿಕೊಂಡಳು, ತಟ್ಟೆಗೆ ಕುಟ್ಟಿ ಕುಟ್ಟಿ ಸಿಪ್ಪಿದಳು.

ಮೂರು ಜನ ಎಷ್ಟೆಂದು ತಿನ್ನುವುದು? ಮಿಕ್ಕಿದ್ದನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ಸವರಿ, ದಬ್ಬಳದಲ್ಲಿ ದಾರಕ್ಕೆ ಪೋಣಿಸಿ, ನಾಲ್ಕು ದಿನ ಬಿಸಿಲಿಗೆ ಕಟ್ಟಿ, ಆಮೇಲೆ ಒಲೆಯ ಮೇಲೆ ತೂಗುಹಾಕುತ್ತಿದ್ದಳು. ಇದೇ ಉಪ್ಪುಕಂಡ. ಬಿಸಿಲಿನಲ್ಲಿರುವಾಗ ಕಾಗೆ ಕಾಯುವುದು ನನ್ನ ಕೆಲಸ. ಉಪ್ಪು ಮಾಂಸದ ನೀರನ್ನು ಎಳೆದುಬಿಡುತ್ತದೆ, ನೀರಿಲ್ಲದ ಕಡೆ ಕೊಳೆಯುವುದಿಲ್ಲ. ಹೊಗೆಯೂ ಹುಳ ಹತ್ತದಂತೆ ನೋಡಿಕೊಳ್ಳುತ್ತದೆ. ಫ್ರಿಜ್ಜು ಕಾಣದ ಕಾಲದಲ್ಲಿ ಲೋಕದ ಎಲ್ಲ ಕಡೆಯ ಹೆಂಗಸರೂ ಈ ಉಪಾಯ ಕಂಡುಕೊಂಡಿದ್ದರು. ಮಳೆಗಾಲದಲ್ಲಿ ಒಂದೆರಡು ತುಂಡು ಕೆಂಡದ ಮೇಲೆ ಸುಟ್ಟು ಜಜ್ಜಿ ಅವರೆಕಾಳಿನ ಸಾರಿಗೆ ಹಾಕಿದರೆ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಸಾರು ಇಳಿಸಿದ ಮೇಲೆ ಉಪ್ಪು ನೋಡಿ ಹಾಕಬೇಕು, ಮೊದಲೇ ಹಾಕಿದರೆ ಕೆಟ್ಟಿತು.

ಇಷ್ಟು ಉಪ್ಪುಕಂಡದ ಪುರಾಣ ಹೇಳಿದ್ದು 2016ರ ಡಿಸೆಂಬರಿನಲ್ಲಿ ನಾನು ಕಂಡದ್ದನ್ನು ಹೇಳುವುದಕ್ಕೆ. ಮಗಳು ಅಮೆರಿಕಾದ ಓಹಿಯೋ ರಾಜ್ಯದಲ್ಲಿದ್ದಾಳೆ. ಅಳಿಯ ಅಲ್ಲಿಯವನೇ. ಮದುವೆಯ ಹೊತ್ತಿನ ರಾಮಾಯಣ ಈಗ ಬೇಡ. ಆ ವರ್ಷ ಬೀಗರು ತೀರಿಕೊಂಡಿದ್ದರು, ಕ್ರಿಸ್‌ಮಸ್ಸಿಗೆ ಬೀಗಿತ್ತಿ ನಮ್ಮನ್ನೆಲ್ಲ ತಮ್ಮ ಮನೆಗೆ ಕರೆದರು. ನಾನಾಗಿದ್ದರೆ ಆ ವರ್ಷ ಹಬ್ಬ ಬಿಡುತ್ತಿದ್ದೆ. ಅವರು ಬಿಡಲಿಲ್ಲ. ಅವರವರ ರೀತಿ.

ಅಲ್ಲಿ ಹಬ್ಬದ ಊಟಕ್ಕೆ ಹ್ಯಾಮ್. ಅಂದರೆ ಹಂದಿಯ ಇಡೀ ಹಿಂದೊಡೆ. ಹೇಳಿಬಿಡುತ್ತೇನೆ, ಮಗಳು ಫೋನಿನಲ್ಲಿ ಇದನ್ನು ಹೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ತಿರುಗಿತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕಾಚಂಪುಳಿ ಹಾಕಿದ ಪಂದಿ ಕರಿ, ಕಡಂಬುಟ್ಟು ಇಲ್ಲದೆ ಆಗುವುದಿಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲೂ ಕ್ರಿಸ್‌ಮಸ್ಸಿಗೆ ಹಂದಿಯ ಅಡುಗೆ ಉಂಟು. ಇದೆಲ್ಲ ನನಗೆ ಗೊತ್ತು, ಮಕ್ಕಳಿಗೆ ಪಾಠ ಮಾಡಿದವಳು. ಗೊತ್ತಿರುವುದು ಬೇರೆ, ಬಾಯಿಗೆ ಹೋಗುವುದು ಬೇರೆ. ನಮ್ಮ ಕಡೆ ಹಂದಿ ತಿನ್ನುವವರ ಬೀದಿಯನ್ನು ದೂರವೇ ಇಟ್ಟಿದ್ದರು. ಬಾಡು ಮುಟ್ಟದವರು ನಮ್ಮನ್ನು ನೋಡಿ ಮೂಗು ಮುರಿದರೆ ನಮಗೆ ಉರಿಯುತ್ತಿತ್ತು, ನಾವು ಆ ಬೀದಿಯ ಕಡೆ ನೋಡಿ ಅದೇ ಮೂಗನ್ನು ಮುರಿಯುತ್ತಿದ್ದೆವು.

ಹಬ್ಬದ ಬೆಳಿಗ್ಗೆ ಬೀಗಿತ್ತಿಯ ಅಡುಗೆಮನೆಗೆ ಹೋದೆ. ಸುಮ್ಮನೆ ಕೂರಲು ನನಗೆ ಬರುವುದಿಲ್ಲ. ಹತ್ತು ಪೌಂಡಿನ ತೊಡೆ, ಸುಮಾರು ನಾಲ್ಕೂವರೆ ಕಿಲೋ, ಹಲಗೆಯ ಮೇಲೆ ಕೂತಿತ್ತು. ಹಸಿ ಮಾಂಸದ ಹಾಗೆ ಕಾಣಲಿಲ್ಲ, ವಾಸನೆಯೂ ಬೇರೆ. ಮಗಳು ವಿವರಿಸಿದಳು: ಅಂಗಡಿಗೆ ಬರುವ ಮೊದಲೇ ಅದನ್ನು ಉಪ್ಪುನೀರಿನಲ್ಲಿ ಊರಹಾಕಿ, ಕಟ್ಟಿಗೆಯ ಹೊಗೆ ಕೊಟ್ಟು, ಬೇಯಿಸಿಯೇ ಇಟ್ಟಿರುತ್ತಾರಂತೆ. ಮನೆಯಲ್ಲಿ ಮಾಡುವುದು ಓವನ್ನಿನಲ್ಲಿ ಬಿಸಿ ಮಾಡಿ ಮೇಲೆ ಪಾಕ ಹಚ್ಚುವುದು ಅಷ್ಟೆ. ಉಪ್ಪು, ಹೊಗೆ! ನಾನು ಬಗ್ಗಿ ಇನ್ನೊಮ್ಮೆ ಮೂಸಿದೆ. ನಮ್ಮ ಒಲೆಯ ಮೇಲಿನ ದಾರ ನೆನಪಾಯಿತು. 'ಇದು ಉಪ್ಪುಕಂಡ ಕಣೇ' ಎಂದೆ. 'ಅಮ್ಮಾ, ಹ್ಯಾಮ್' ಎಂದಳು ಮಗಳು.

ಮೇಲಿನ ಕೊಬ್ಬನ್ನು ಚಾಕುವಿನಿಂದ ಅಡ್ಡಡ್ಡ ಗೀರಿ ಚೌಕುಳಿ ಮಾಡಿದರು, ನಮ್ಮ ಸಜ್ಜಪ್ಪ ಬರ್ಫಿ ಕೊಯ್ಯುವ ಹಾಗೆ. ಪ್ರತಿ ಚೌಕುಳಿಗೂ ಒಂದು ಲವಂಗ ಚುಚ್ಚುವುದು. ಆ ಕೆಲಸ ನನಗೆ ಸಿಕ್ಕಿತು. ತೊಡೆ ಮೂರು ಗಂಟೆ ಓವನ್ನಿನಲ್ಲಿ, ಸಣ್ಣ ಉರಿಯ ಲೆಕ್ಕದಲ್ಲಿ, 325 ಡಿಗ್ರಿ. ಅವರದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 160ರ ಹತ್ತಿರ. ಪಾಕಕ್ಕೆ ಬ್ರೌನ್ ಶುಗರ್, ಸಾಸಿವೆಯ ಗೊಜ್ಜು, ಒಂದಿಷ್ಟು ಅನಾನಸಿನ ರಸ. ಬ್ರೌನ್ ಶುಗರ್ ಎಂದರೆ ಬೆಲ್ಲ ಅಂದುಕೊಳ್ಳಬೇಡಿ. ಅಲ್ಲಿ ಹೆಚ್ಚಾಗಿ ಸಿಗುವುದು ಬಿಳಿ ಸಕ್ಕರೆಗೆ ಕಾಕಂಬಿಯನ್ನು ಮತ್ತೆ ಬೆರೆಸಿದ್ದು. ತೆಗೆದದ್ದನ್ನು ಪುನಃ ಸೇರಿಸುವ ಈ ವಿದ್ಯೆ ನನಗೆ ಅರ್ಥವಾಗಲಿಲ್ಲ. ಮಗಳಿಗೆಂದು ಒಯ್ದಿದ್ದ ಅಚ್ಚುಬೆಲ್ಲವನ್ನು ಕುಟ್ಟಿ ಕೊಟ್ಟೆ. ಬೀಗಿತ್ತಿ ಬೆರಳಲ್ಲಿ ನೆಕ್ಕಿ ನೋಡಿ, ತಮ್ಮ ಸಕ್ಕರೆಯ ಪೊಟ್ಟಣವನ್ನು ಮಡಚಿ ಕಪಾಟಿಗೆ ಹಾಕಿದರು. ಪಾಕವನ್ನು ಮೊದಲೇ ಹಚ್ಚುವ ಹಾಗಿಲ್ಲ, ಬೆಲ್ಲ ಸೀದು ಕಹಿಯಾಗುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಎರಡು ಮೂರು ಸಲ ಬ್ರಷ್ಷಿನಿಂದ ಬಳಿದರೆ ಹೊಳೆಹೊಳೆಯುವ ಕಂದು ಬಣ್ಣ ಬರುತ್ತದೆ, ಹೊಸದಾಗಿ ಪಾಲಿಷ್ ಮಾಡಿದ ಬೀಟೆ ಮರದ ಹಾಗೆ.

ಮೇಜಿನ ಸುತ್ತ ಒಂಬತ್ತು ಜನ. ತೊಡೆ ಇಡಿಯಾಗಿ ಮೇಜಿಗೆ ಬರುತ್ತದೆ, ಎಲ್ಲರ ಎದುರಿಗೇ ಕೊಯ್ಯುತ್ತಾರೆ. ಮೂವತ್ತೆಂಟು ವರ್ಷ ಅದನ್ನು ಕೊಯ್ದವರು ಬೀಗರಂತೆ. ಮೇಜಿನ ತುದಿಯ ಅವರ ಕುರ್ಚಿ ಖಾಲಿ ಇತ್ತು, ಮುಂದೆ ಉದ್ದನೆಯ ಚಾಕು. ಯಾರೂ ಆ ಕಡೆ ನೋಡುತ್ತಿರಲಿಲ್ಲ. ಅಳಿಯ ಎದ್ದು ನಿಂತ, ಹಿರಿಯ ಮಗ ತಾನೇ. ಬೀಗಿತ್ತಿ ಅವನ ತೋಳು ಮುಟ್ಟಿ ಏನೋ ಮೆಲ್ಲಗೆ ಹೇಳಿದರು, ಅವನು ಕೂತ. ಅವರೇ ಹೋಗಿ ಆ ತುದಿಯಲ್ಲಿ ನಿಂತು ಚಾಕು ತೆಗೆದುಕೊಂಡರು. ಮೊದಲ ಎರಡು ತುಂಡು ಡೊಂಕಾಗಿ ಬಿದ್ದವು, ದಪ್ಪವೂ ಆಯಿತು. ಮೂರನೆಯದು ನೆಟ್ಟಗೆ ಬಂತು. ಅವರ ಕೈ ನಡುಗುತ್ತಿದ್ದುದನ್ನು ನೋಡುತ್ತಾ ನನಗೆ ಡಬರಿ ಹಿಡಿದು ಮರಕ್ಕೆ ಒತ್ತಿಕೊಂಡು ನಿಂತವಳು ಕಣ್ಣಿಗೆ ಕಟ್ಟಿದಳು.

ನನಗೆಂದು ಬೇರೆ ಕೋಳಿಯ ಅಡುಗೆ ಮಾಡಿಟ್ಟಿದ್ದರು, ತಿನ್ನು ಎಂದು ಯಾರೂ ಒತ್ತಾಯ ಮಾಡಲಿಲ್ಲ. ಮಗಳು ನನ್ನ ತಟ್ಟೆ ದಾಟಿಸಿ ಹ್ಯಾಮಿನ ತಟ್ಟೆಯನ್ನು ಮುಂದಕ್ಕೆ ಕಳಿಸುತ್ತಿದ್ದಳು. ನಾನು ತಡೆದು ಒಂದು ತುಂಡು ಹಾಕಿಸಿಕೊಂಡೆ. ಆ ಡೊಂಕು ತುಂಡುಗಳಲ್ಲೇ ಒಂದು. ಮಗಳು ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಬಾಯಿಗಿಟ್ಟೆ. ಮೊದಲು ಬೆಲ್ಲ, ಆಮೇಲೆ ಲವಂಗ, ಆಮೇಲೆ ಹೊಗೆ, ಕೊನೆಗೆ ನಾಲಿಗೆಯ ಬದಿಯಲ್ಲಿ ನಿಂತದ್ದು ಉಪ್ಪು.

ಬೀಗಿತ್ತಿ ಆ ತುದಿಯಿಂದಲೇ ಹೇಗಿದೆ ಎಂದು ಕೇಳಿದರು. ಇಂಗ್ಲಿಷಿನಲ್ಲಿ ತಡವರಿಸುವುದು ಯಾಕೆಂದು ಮಗಳಿಗೆ ಕನ್ನಡದಲ್ಲೇ ಹೇಳಿದೆ: 'ಚೆನ್ನಾಗದೆ ಅನ್ನು. ಆದ್ರೆ ನಾಳೆ ಆ ಮೂಳೆ ಬಿಸಾಡೋದು ಬೇಡ, ಕಾಳು ಹಾಕಿ ಸಾರು ಮಾಡ್ಬೇಕು. ಉಪ್ಪು ಮಾತ್ರ ಒಂದ್ಕಲ್ಲು ಜಾಸ್ತಿ ಆಗದೆ ಅಂತಾನೂ ಹೇಳು.'

ಮಗಳು ಮೊದಲಿನ ಎರಡು ಮಾತನ್ನು ಹೇಳಿದಳು. ಮೂರನೆಯದನ್ನು ನುಂಗಿಕೊಂಡಳು.