ಯಂತ್ರದ ಉಸಿರು

ಒತ್ತಡವೆಂದರೇನೆಂಬುದನ್ನು ನಾರಾಯಣಪುರದ ಜನರಿಗೆ ಬೇರೆಯಾಗಿ ಕಲಿಸಬೇಕಾದ ಅಗತ್ಯವಿಲ್ಲ. ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬಸವಸಾಗರದ ಬಾಗಿಲುಗಳನ್ನು ಮಳೆಗಾಲದಲ್ಲಿ ತೆರೆದಾಗ ತುಂಬಿದ್ದಕ್ಕೆ ಹೊರದಾರಿ ಬೇಕೆಂಬ ಮಾತು ಅಲ್ಲಿಯ ಕೂಸಿಗೂ ತಿಳಿಯುವದು. ಆದರೂ ಅದೇ ಊರಿನ ನಿವೃತ್ತ ಮಾಸ್ತರರೊಬ್ಬರು ತಮ್ಮ ಅಂಗಳದಲ್ಲಿಯೇ ನಿಂತಿದ್ದ ಮೋಟಾರಿನ ವಿಷಯದಲ್ಲಿ ಈ ಸಂಗತಿಯನ್ನು ನೆನೆಯದೆ ಒಂದು ತಿಂಗಳು ನಿದ್ದೆಗೆಟ್ಟರು.

ಮೋಟಾರು ಚಿಕ್ಕದು, ಪೆಟ್ರೋಲಿನದು. ಕಾರ್ಬ್ಯುರೇಟರುಗಳ ಕಾಲ ಮುಗಿದ ತರುವಾಯ ಬಂದದ್ದು. ಇಂಜೆಕ್ಟರು ಪೆಟ್ರೋಲನ್ನು ಒಳಗಾಳಿಯ ದಾರಿಯಲ್ಲಿ, ವಾಲ್ವುಗಳ ಬೆನ್ನಿನ ಮೇಲೆ ಚಿಮುಕಿಸುವಂಥದು. ನಿವೃತ್ತಿಯ ಹಣದಲ್ಲಿ ಅದನ್ನು ಕೊಂಡದ್ದು ಸುಖಕ್ಕಾಗಿ ಅಲ್ಲ. ಅವರ ಮನೆಯವರನ್ನು ಚಿಕಿತ್ಸೆಗೆಂದು ತಿಂಗಳಿಗೊಮ್ಮೆ ಕಲಬುರಗಿಗೆ ಕರೆದೊಯ್ಯಬೇಕಾಗಿತ್ತು. ನಡುವೆ ಒಂದು ವರ್ಷ ಬೇನೆಯು ತಗ್ಗಿತು. ಮೋಟಾರಿಗೂ ಬಿಡುವು ದೊರೆಯಿತು. ಪೇಟೆಗೊಮ್ಮೆ, ಛಾಯಾ ಭಗವತಿಯ ಗುಡಿಗೊಮ್ಮೆ, ಇಷ್ಟೇ ಅದರ ಸಂಚಾರ. ಗಾಡಿಯನ್ನು ಹೀಗೆ ಜೋಪಾನವಾಗಿ ಇರಿಸಿದ್ದೇವೆಂದು ಮಾಸ್ತರರು ಹಿಗ್ಗಿದ್ದೂ ಉಂಟು.

ಬೇನೆಯು ಮರುಕಳಿಸಿತು. ಅದೇ ವಾರ ಮೋಟಾರು ನಿಂತಲ್ಲಿಯೇ ನಡುಗಿ ಆರತೊಡಗಿತು. ಬೆಳಿಗ್ಗೆ ನೋಡಿದರೆ ಅಂಗಳದ ಶಹಾಬಾದ ಫರಸಿಯ ಮೇಲೆ ಎಣ್ಣೆಯ ಕಲೆ. ಏರ್ ಫಿಲ್ಟರು ಎಣ್ಣೆಯಲ್ಲಿ ತೊಯ್ದು, ಕರಿಮಣ್ಣಿನ ಧೂಳು ಅದಕ್ಕೆ ಮೆತ್ತಿ ಹೆಂಟೆಯಂತಾಗಿತ್ತು. ಎಣ್ಣೆ ಹೊಯ್ಯುವ ಮುಚ್ಚಳವನ್ನು ತಿರುವಿದರೆ ಅದರ ಒಳಮೈಗೆ ಹಳಸಿದ ಬೆಣ್ಣೆಯಂಥ ಮಂಕು ಹಳದಿಯ ಲೇಪ. ಗ್ಯಾರೇಜಿನವನು ಇವೆಲ್ಲವನ್ನೂ ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟನು: "ಇಂಜಿನ್ ಕುಂತದರಿ ಸರ. ಬಿಚ್ಚಿ ರಿಂಗ್ ಹಾಕಬೇಕಾಗ್ತದ." ಅವನು ಹೇಳಿದ ಮೊತ್ತವು ಅರ್ಧ ಲಕ್ಷಕ್ಕೆ ಸಮೀಪವಾಗಿತ್ತು. ಕಲಬುರಗಿಯ ವೈದ್ಯರಿಗೆ ಎತ್ತಿಟ್ಟ ಹಣವೂ ಹೆಚ್ಚುಕಡಿಮೆ ಅಷ್ಟೇ ಇದ್ದಿತು.

ಬೇನೆಯ ಮೂಲವನ್ನು ಅರಸದೆ ಅಂಗವನ್ನೇ ಕೊಯ್ಯಹೊರಡುವವರು ಮನುಷ್ಯರ ವೈದ್ಯರಲ್ಲಿ ಮಾತ್ರ ಇರುವರೆಂದು ತಿಳಿಯಬಾರದು.

ಇಲ್ಲಿ ಇಂಜಿನ್ನಿನ ಹೊಟ್ಟೆಯೊಳಗೆ ಕೊಂಚ ಇಣಿಕಿ ನೋಡುವದು ಅವಶ್ಯವು. ಪಿಸ್ಟನ್ನಿನ ಸುತ್ತ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಪ್ರತಿಯೊಂದು ಸ್ಫೋಟದಲ್ಲಿ ಅಲ್ಪಸ್ವಲ್ಪ ಅನಿಲವು ಅವುಗಳ ಸಂದಿನಿಂದ ಜಾರಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುವದು. ಹೊಸ ಇಂಜಿನ್ನಿನಲ್ಲಿಯೂ ಇದು ತಪ್ಪದು. ಹಾಗೆ ಇಳಿಯುವದರಲ್ಲಿ ಉರಿಯದ ಪೆಟ್ರೋಲಿನ ಆವಿ, ಸಾರಜನಕದ ಆಕ್ಸೈಡುಗಳು ಮತ್ತು ನೀರಿನ ಹಬೆ ಇರುವವು. ನೀರೆಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು: ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರೇ ಹುಟ್ಟುವದು, ಅದರ ಬಹುಭಾಗವು ಹೊಗೆಗೊಳವೆಯಿಂದ ಹೋದರೂ ತುಸುಭಾಗವು ಈ ಹಾದಿ ಹಿಡಿಯುವದು. ಇವು ಅಲ್ಲಿಯೇ ನಿಂತರೆ ಎಣ್ಣೆಯೊಡನೆ ಕಲೆತು ಆಮ್ಲವಾಗುವವು, ಕೆಸರಾಗುವವು. ಇಂಜಿನ್ನು ಚೆನ್ನಾಗಿ ಕಾದು ಬಹಳ ಹೊತ್ತು ಓಡಿದರೆ ನೀರು ಮತ್ತೆ ಹಬೆಯಾಗಿ ಹೊರಡುವದು. ಪೇಟೆಗೆ ಹೋಗಿ ಮರಳಿದರೆ ಎಣ್ಣೆಯು ಕಾಯುವದೇ ಇಲ್ಲ. ಆ ಬೆಣ್ಣೆಯು ಕಟ್ಟುವದು ಹೀಗೆ. ಮಾಸ್ತರರ ಜೋಪಾನವೇ ಮೋಟಾರಿಗೆ ಮುಳುವಾಗಿತ್ತು.

ಆ ಹಬೆಯು ಹೊರಡುವ ದಾರಿಯೇ ಪಿಸಿವಿ ಎಂಬ ಬೆರಳುದ್ದದ ವಾಲ್ವು. ಇಂಜಿನ್ನು ಗಾಳಿಯನ್ನು ಎಳೆದುಕೊಳ್ಳುವ ಸೆಳೆತವೇ ಈ ವಾಲ್ವಿನ ಮೂಲಕ ಕ್ರ್ಯಾಂಕ್‌ಕೇಸಿನ ಕೊಳೆಗಾಳಿಯನ್ನೂ ಎಳೆದು ಮತ್ತೆ ಉರಿಗೆ ಒಡ್ಡುವದು. ಇನ್ನೊಂದು ಕೊಳವೆಯಿಂದ ಏರ್ ಫಿಲ್ಟರು ಸೋಸಿದ ಶುದ್ಧಗಾಳಿಯು ಒಳಗೆ ಬರುವದು. ವಾಲ್ವು ಜಿಗುಟಿನಿಂದ ಮುಚ್ಚಿಹೋದರೆ ಒಳಗಿನ ಒತ್ತಡವು ಸುಮ್ಮನಿರುವದೇ? ಶುದ್ಧಗಾಳಿ ಬರುವ ದಾರಿಯಲ್ಲಿಯೇ ಹಿಮ್ಮುಖವಾಗಿ ನುಗ್ಗಿ ಎಣ್ಣೆಯನ್ನು ಫಿಲ್ಟರಿಗೂ ಥ್ರಾಟಲಿಗೂ ಬಳಿಯುವದು. ಥ್ರಾಟಲಿನ ಕೂದಲೆಳೆಯ ಸಂದು ಕಟ್ಟಿ, ನಿಂತಾಗ ಇಂಜಿನ್ನಿಗೆ ಗಾಳಿ ಸಾಲದೆ ಅದು ನಡುಗುವದು. ಸಾಲದುದಕ್ಕೆ ಒತ್ತಡವು ಸೀಲುಗಳನ್ನು ನೂಕಿ ಎಣ್ಣೆಯನ್ನು ನೆಲಕ್ಕೆ ಹನಿಸುವದು.

ಸುರಪುರದ ಒಬ್ಬ ಮುದುಕ ಮಿಸ್ತ್ರಿಯು ಇದನ್ನು ಕಂಡುಹಿಡಿದನು. ಅವನು ಏನನ್ನೂ ಬಿಚ್ಚುವ ಮೊದಲು ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ನನ್ನು ಅಳೆದನು, ಅದು ನೆಟ್ಟಗಿತ್ತು. ಬಳಿಕ ಆ ವಾಲ್ವನ್ನು ಕಿತ್ತು ಕಿವಿಯ ಹತ್ತಿರ ಅಲುಗಿಸಿದನು. ಒಳಗಿನ ಗುಂಡು ಸಡಿಲಾಗಿದ್ದರೆ ಗಿಲಕಿಯಂತೆ ಸಪ್ಪಳಾಗತಕ್ಕದ್ದು; ಸಪ್ಪಳವಿಲ್ಲ. "ಸತ್ತದ್ದು ಇದರಿ ಮಾಸ್ತರ್ರ, ಇಂಜಿನ್ ಅಲ್ರಿ" ಎಂದನು. ಹೊಸ ವಾಲ್ವು, ಬಿರಿದಿದ್ದ ಒಂದು ರಬ್ಬರು ಕೊಳವೆ, ಫಿಲ್ಟರು, ಹೊಸ ಎಣ್ಣೆ, ಥ್ರಾಟಲಿನ ಸ್ವಚ್ಛತೆ: ಎಲ್ಲ ಸೇರಿ ಮೊದಲಿನವನು ಹೇಳಿದ ಮೊತ್ತದ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಕೆಲಸವು ಮುಗಿಯುವವರೆಗೆ ಮಾಸ್ತರರು ಗ್ಯಾರೇಜಿನ ಮುಂದಿನ ಬೇವಿನ ನೆರಳಿನಲ್ಲಿ ಒಂದು ಮಾತೂ ಆಡದೆ ಕುಳಿತಿದ್ದರು.

ಅಂದೇ ರಾತ್ರಿ ಬೆಂಗಳೂರಿನಿಂದ ಮಗನ ಫೋನು ಬಂದಿತು. ಅವನದು ಹೊಸ ತರದ ಮೋಟಾರು. ಅದರಲ್ಲಿ ಇಂಜೆಕ್ಟರು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುವದು. ಅಪ್ಪನ ಕಥೆಯನ್ನು ಕೇಳಿ ಅವನು ನಕ್ಕನು: "ಅಪ್ಪಾ, ನಿಮ್ಮದರಾಗ ಆ ಪೈಪು ಮುಚ್ಚಿದ್ದಕ್ಕ ತ್ರಾಸು. ನನ್ನದರಾಗ ಅದು ತೆರೆದಿದ್ದೇ ತ್ರಾಸು. ಕಿತ್ತು ಹೊರಗ ಬಿಡಬೇಕಂತ ಮಾಡೀನಿ."

ಮಗನ ಮಾತು ಪೂರ್ತಿ ಸುಳ್ಳಲ್ಲವೆಂಬುದೇ ಇಲ್ಲಿಯ ತೊಡಕು. ಪಿಸಿವಿಯಿಂದ ಬರುವ ಗಾಳಿಯಲ್ಲಿ ಎಣ್ಣೆಯ ಸೂಕ್ಷ್ಮ ತುಂತುರು ಇದ್ದೇ ಇರುವದು. ಅಪ್ಪನ ಹಳೆಯ ಮೋಟಾರಿನಲ್ಲಿ ವಾಲ್ವುಗಳ ಬೆನ್ನಿನ ಮೇಲೆ ಬೀಳುವ ಪೆಟ್ರೋಲೇ ಅದನ್ನು ಹೊತ್ತುಹೊತ್ತಿಗೆ ತೊಳೆಯುವದು. ಮಗನದರಲ್ಲಿ ಆ ಸ್ನಾನವಿಲ್ಲ. ಎಣ್ಣೆಯು ಬಿಸಿ ವಾಲ್ವಿನ ಮೇಲೆ ಹತ್ತಿ ಸೀದು, ತಳ ಹಿಡಿದ ಬೋಗುಣಿಯಂತೆ ಕರಿಹೊರಳೆಗಟ್ಟುವದು. ಅದನ್ನು ತೆಗೆಯಲು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಿಂದ ಎರಚುವ ಪದ್ಧತಿಯುಂಟು. ಟೊಯೋಟಾದಂಥ ಕೆಲವರು ಎರಡೂ ಕಡೆ ಇಂಜೆಕ್ಟರುಗಳನ್ನಿಟ್ಟ ಯಂತ್ರಗಳನ್ನು ಮಾಡಿರುವರು.

ಆದರೆ ಕೊಳವೆಯನ್ನು ಕಿತ್ತರೆ? ಎಳೆಯುವ ಸೆಳೆತವೇ ಹೋಗುವದು. ಹಬೆಯು ಎಣ್ಣೆಯಲ್ಲಿಯೇ ಉಳಿದು ಅಪ್ಪನ ಗಾಡಿಯ ಬೆಣ್ಣೆಯು ಮಗನ ಗಾಡಿಗೂ ಬರುವದು. ಅದಲ್ಲದೆ ಹಿಂದಿನ ಮೋಟಾರುಗಳಲ್ಲಿ ಈ ಕೊಳೆಗಾಳಿಯನ್ನು ಒಂದು ಕೊಳವೆಯಿಂದ ರಸ್ತೆಗೇ ಬಿಡುತ್ತಿದ್ದರಷ್ಟೇ. 1950ರ ದಶಕದಲ್ಲಿ ಹಾಗೆನ್-ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞರು ಲಾಸ್ ಏಂಜಲಿಸಿನ ಕಣ್ಣುರಿಸುವ ಹೊಗೆಮಂಜು ಬಿಸಿಲಿನಲ್ಲಿ ಇಂಥ ಆವಿಗಳಿಂದಲೇ ಹುಟ್ಟುವದೆಂದು ತೋರಿಸಿಕೊಟ್ಟರು. 1961ರಿಂದ ಕ್ಯಾಲಿಫೋರ್ನಿಯದ ಹೊಸ ಮೋಟಾರುಗಳಿಗೆ ಈ ವಾಲ್ವು ಬಂದಿತು. ಭಾರತದ ನಿಯಮಗಳೂ ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಹೊರಕ್ಕೆ ಬಿಡಗೊಡುವದಿಲ್ಲ. ತನ್ನ ವಾಲ್ವು ಸ್ವಚ್ಛವಾಗಿರಲೆಂದು ಬೆಂಗಳೂರಿನ ಸಿಗ್ನಲಿನಲ್ಲಿ ಪಕ್ಕದವನ ಮೂಗಿಗೆ ಅದನ್ನು ಊದುವದು ಯಾವ ನ್ಯಾಯ? ಮಾಸ್ತರರು ಕೇಳಿದ್ದೂ ಇದನ್ನೇ. ಶಾಲೆಯಲ್ಲಿ ಕೇಳುತ್ತಿದ್ದ ಧ್ವನಿಯಲ್ಲಿಯೇ ಕೇಳಿದರು. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಳವೆಯನ್ನು ಕೀಳದೆ ಅದರ ನಡುವೆ ಎಣ್ಣೆ ಹಿಡಿಯುವ ಡಬ್ಬಿಯನ್ನು ಕೂಡಿಸುವದಕ್ಕೆ ಒಪ್ಪಿದನು. ಅದನ್ನು ಮರೆಯದೆ ಬರಿದು ಮಾಡುವನೋ ಇಲ್ಲವೋ ಎಂಬ ಸಂಶಯವು ಮಾತ್ರ ತಂದೆಗೆ ಉಳಿಯಿತು.

ಮರುವಾರ ನಸುಕಿನಲ್ಲಿ ಗಂಡಹೆಂಡಿರು ಕಲಬುರಗಿಗೆ ಹೊರಟರು. ರಾತ್ರಿ ಮರಳಿ ಬಂದ ಮೇಲೆ, ಮನೆಯವರು ಊಟಕ್ಕೆ ಕರೆಯುತ್ತಿರಲು, ಮಾಸ್ತರರು ಇಂಜಿನ್ನು ಆರುವದನ್ನು ಕಾಯ್ದು ಬ್ಯಾಟರಿ ಹಿಡಿದು ಎಣ್ಣೆಯ ಮುಚ್ಚಳವನ್ನು ತಿರುವಿದರು. ಒಳಮೈಯಲ್ಲಿ ಹಳದಿಯ ಲೇಪವಿರಲಿಲ್ಲ. ತೆಳುವಾದ ಕಂದು ಎಣ್ಣೆಯ ಹೊಳಪಷ್ಟೇ ಇತ್ತು.