ಬೂನ್ ಮನೆತನದ ಬೇರು

ನದೀಮೂಲವನ್ನೂ ಋಷಿಮೂಲವನ್ನೂ ಕೆದಕಬಾರದೆಂದು ಹಿರಿಯರ ಮಾತು. ವೀರರ ಮೂಲವನ್ನೂ ಅವರು ಆ ಸಾಲಿಗೆ ಸೇರಿಸಬಹುದಿತ್ತು. ಅಮೆರಿಕದ ಲೈಮನ್ ಡ್ರೇಪರನಿಗೆ ಈ ಮಾತನ್ನು ಹೇಳುವವರಿರಲಿಲ್ಲ. ಹೇಳಿದ್ದರೂ ಅವನು ಕೇಳುವ ಜೀವವಲ್ಲ. 1851ರ ಶರತ್ಕಾಲದಲ್ಲಿ ಐದಡಿ ಎತ್ತರದ, ಕೃಶಕಾಯದ ಆ ಮನುಷ್ಯ ಮಿಸೌರಿಯ ಒಂದು ಹಳ್ಳಿಮನೆಯ ಬಾಗಿಲನ್ನು ತಟ್ಟಿದನು. ಮನೆಯ ಯಜಮಾನ ನೇಥನ್ ಬೂನ್, ಎಪ್ಪತ್ತರ ವೃದ್ಧ. ತಂದೆ ಡೇನಿಯಲ್ ಬೂನ್ ತೀರಿಹೋಗಿ ಆಗಲೇ ಮೂವತ್ತೊಂದು ವರ್ಷಗಳಾಗಿದ್ದವು. ನೇಥನ್ ಮತ್ತು ಅವನ ಹೆಂಡತಿ ಆಲಿವ್ ನೆನಪಿನ ಗಂಟನ್ನು ಬಿಚ್ಚಿದರು. ಡ್ರೇಪರ್ ಪುಟದ ಮೇಲೆ ಪುಟ ಬರೆದುಕೊಂಡನು.

ಡೇನಿಯಲ್ ಬೂನನ ಹೆಸರನ್ನರಿಯದ ಬಾಲಕ ಆಗ ಅಮೆರಿಕದಲ್ಲಿರಲಿಲ್ಲವೆಂದರೂ ಸಲ್ಲುತ್ತದೆ. ಕೆಂಟಕಿಯ ಕಾಡಿಗೆ ದಾರಿ ಕಡಿದವನು, ಗಡಿಸೀಮೆಯ ಯೋಧ, 1781, 1787 ಮತ್ತು 1791ರಲ್ಲಿ ವರ್ಜೀನಿಯದ ಶಾಸನಸಭೆಗೆ ಆಯ್ಕೆಯಾದವನು. ಮೊದಲ ಸಲ ಸದಸ್ಯನಾದ ವರ್ಷವೇ ಬ್ರಿಟಿಷ್ ಸವಾರರ ಕೈಗೆ ಸಿಕ್ಕಿ ಬಿಡುಗಡೆ ಹೊಂದಿದನು. ಇದೆಲ್ಲ ಪುಸ್ತಕಗಳಲ್ಲಿ ಸಿಕ್ಕುತ್ತದೆ. ಡ್ರೇಪರನಿಗೆ ಬೇಕಾಗಿದ್ದುದು ಪುಸ್ತಕಗಳಲ್ಲಿ ಸಿಕ್ಕದ್ದು.

ಮನೆತನದ ಆರಂಭ ಹುಡುಕುವವನಿಗೆ ಸುಲಭ. ಡೇನಿಯಲನ ಅಜ್ಜ ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್ ಪ್ರಾಂತದ ನೇಕಾರ, ಕ್ವೇಕರ್ ಪಂಥದವನು. 1717ರಲ್ಲಿ ಸಂಸಾರಸಮೇತ ಪೆನ್ಸಿಲ್ವೇನಿಯಕ್ಕೆ ಬಂದನು. 1744ರಲ್ಲಿ ಆತ ಕಣ್ಣು ಮುಚ್ಚಿದಾಗ ಎಂಟು ಮಕ್ಕಳು, ಐವತ್ತೆರಡು ಮೊಮ್ಮಕ್ಕಳು, ಹತ್ತು ಮರಿಮಕ್ಕಳು ಇದ್ದರೆಂದು ವಂಶದವನೊಬ್ಬ ಲೆಕ್ಕವಿಟ್ಟಿದ್ದಾನೆ. ಒಟ್ಟು ಎಪ್ಪತ್ತು, ಈಜಿಪ್ಟಿಗೆ ಹೋದ ಯಾಕೋಬನ ಮನೆಯವರೂ ಅಷ್ಟೇ ಮಂದಿಯೆಂದು ಸೇರಿಸುವುದನ್ನೂ ಅವನು ಮರೆತಿಲ್ಲ! ಎಲ್ಲ ಮನೆಗಳಲ್ಲಿಯೂ ಇಂಥ ಲೆಕ್ಕಿಗನೊಬ್ಬನಿದ್ದರೆ ಇತಿಹಾಸಕಾರರ ಕಷ್ಟ ಅರ್ಧ ಇಳಿದೀತು.

ಕ್ವೇಕರರೂ ಕಡತ ಇಡುವುದರಲ್ಲಿ ನಿಪುಣರು. ಡೇನಿಯಲನ ತಂದೆ ಸ್ಕ್ವಯರ್ ಬೂನನ ಮದುವೆ ಅವರ ದಾಖಲೆಯಲ್ಲಿದೆ. 1742ರಲ್ಲಿ ಅವನ ಹಿರಿಯ ಮಗಳು ಪಂಥದ ಹೊರಗಿನವನ ಕೈಹಿಡಿದಳು. ತಂದೆ ಸಭೆಯ ಮುಂದೆ ತಪ್ಪೊಪ್ಪಿಕೊಂಡನು. ಐದು ವರ್ಷಗಳ ಬಳಿಕ ಮಗನೊಬ್ಬನೂ ಅದೇ ದಾರಿ ಹಿಡಿದನು. ಈ ಸಲ ಸ್ಕ್ವಯರ್ ತಲೆ ಬಾಗಿಸಲಿಲ್ಲ, ಬಹಿಷ್ಕಾರವಾಯಿತು. 1750ರಲ್ಲಿ ಸಂಸಾರ ದಕ್ಷಿಣಕ್ಕೆ, ಉತ್ತರ ಕ್ಯಾರೊಲಿನದತ್ತ ಹೊರಟಿತು. ಅಂದು ಮನೆಯವರಿಗೆ ಅಪಮಾನವಾಗಿದ್ದುದೇ ವಂಶಶೋಧಕನಿಗೆ ನಿಧಿ. ಊರಿನೊಡನೆ ಜಗಳವಾಡದೆ ಬಾಳಿದವರ ಹೆಸರು ಎಷ್ಟೋ ಸಲ ಕಡತವನ್ನೇ ಸೇರುವುದಿಲ್ಲ.

ಹುಟ್ಟಿದ ದಿನದಲ್ಲಿಯೂ ಒಂದು ತೊಡಕು. ಡೇನಿಯಲ್ ಜನಿಸಿದ್ದು 1734ರ ಅಕ್ಟೋಬರ್ 22ರಂದು. 1752ರಲ್ಲಿ ಪಂಚಾಂಗ ಬದಲಾಗಿ ಹನ್ನೊಂದು ದಿನಗಳು ಮುಂದೆ ಸರಿದುದರಿಂದ ಅದೇ ದಿನ ನವೆಂಬರ್ 2 ಆಯಿತು. ಎರಡು ತಾರೀಖು ಕಂಡು ಇಬ್ಬರು ಡೇನಿಯಲರೆಂದು ಭ್ರಮಿಸುವ ಅವಸರದವರೂ ಇದ್ದಾರು.

ಕ್ವೇಕರರಿಂದ ದೂರವಾದ ಮೇಲೆ ಕಾಗದ ವಿರಳವಾಗಿ ಬಾಯಿಮಾತು ಹೆಚ್ಚಾಗುತ್ತದೆ. 1756ರಲ್ಲಿ ಡೇನಿಯಲ್ ರೆಬೆಕ್ಕಾ ಬ್ರಯನ್ನಳನ್ನು ವರಿಸಿದನು. ಹತ್ತು ಮಕ್ಕಳಾದರು. ಹಿರಿಯವನಾದ ಜೇಮ್ಸ್ 1773ರಲ್ಲಿ, ಇಸ್ರೇಲ್ 1782ರಲ್ಲಿ ಮೂಲನಿವಾಸಿಗಳೊಡನೆ ನಡೆದ ಘರ್ಷಣೆಗಳಲ್ಲಿ ಮಡಿದರು. ಇನ್ನೊಂದು ಗಂಡುಮಗು ಹಸುಳೆಯಾಗಿದ್ದಾಗಲೇ ಹೋಯಿತು. ಆದುದರಿಂದ ಬೂನ್ ಎಂಬ ಹೆಸರು ಹೊತ್ತ ನೇರ ಸಂತತಿ ಉಳಿದ ಮೂವರು ಗಂಡುಮಕ್ಕಳಿಂದಲೇ ಬರಬೇಕು. ಬೂನ್ ಎಂದು ಕರೆಸಿಕೊಳ್ಳುವವರೆಲ್ಲರೂ ಡೇನಿಯಲನ ಮೊಮ್ಮಕ್ಕಳಲ್ಲ. ಅವನ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೇನು ಕಡಮೆಯೇ? 1787ರ ಹೊತ್ತಿಗೆ ಅವನ ಬಳಿ ಏಳು ಮಂದಿ ಗುಲಾಮರೂ ಇದ್ದರು. ವಂಶವೃಕ್ಷದ ಯಾವ ಕೊಂಬೆಯಲ್ಲಿಯೂ ಅವರಿಗೆ ಎಡೆಯಿಲ್ಲ.

ಡ್ರೇಪರನ ಕಡತಗಳಲ್ಲಿ ಒಂದು ಪಿಸುಮಾತೂ ದಾಖಲಾಗಿದೆ. ಡೇನಿಯಲ್ ಬಹುಕಾಲ ಮನೆಗೆ ಬಾರದೆ, ಸತ್ತನೆಂದೇ ತಿಳಿದಿದ್ದಾಗ ಹೆಂಡತಿಗೆ ಮಗುವೊಂದಾಯಿತು. ಅದರ ತಂದೆ ಅವನ ಸೋದರನೇ ಎಂಬುದು ಆ ಮಾತು. ಆ ಮಗು 1762ರಲ್ಲಿ ಹುಟ್ಟಿದ ಜೆಮೈಮಾ ಎಂದು ಕೆಲವರು ಬೆರಳು ತೋರಿದರು. ಹೇಳಿದವರ ಮಾತು ಒಂದಕ್ಕೊಂದು ಕೂಡುವುದಿಲ್ಲ. ಸೋದರನ ಹೆಸರೇ ಬಾಯಿಂದ ಬಾಯಿಗೆ ಬದಲಾಗುತ್ತದೆ. ಇದನ್ನು ಸ್ಥಿರಪಡಿಸುವ ದಾಖಲೆಯೊಂದೂ ಇಲ್ಲ. ಸತ್ತ ಹೆಂಗಸಿನ ಮಾನವನ್ನು ಹೀಗೆ ತೂಗುವ ಹಕ್ಕು ಶೋಧಕನಿಗೆ ಉಂಟೇ? ಬರೆದಿಟ್ಟರೆ ಕ್ರೌರ್ಯ, ಹರಿದೆಸೆದರೆ ಅಪ್ರಾಮಾಣಿಕತೆ.

ಅದೇ ಜೆಮೈಮಾಳ ಬಗೆಗೆ ಸಂಶಯವಿಲ್ಲದ ಸಂಗತಿಗಳೂ ಇವೆ. 1776ರ ಜುಲೈನಲ್ಲಿ ಅವಳನ್ನೂ ಇಬ್ಬರು ಗೆಳತಿಯರನ್ನೂ ಮೂಲನಿವಾಸಿಗಳು ಅಪಹರಿಸಿದಾಗ ಹೆಜ್ಜೆಜಾಡು ಹಿಡಿದು ಹೋಗಿ ಬಿಡಿಸಿ ತಂದವನು ಡೇನಿಯಲ್. ಎರಡು ವರ್ಷಗಳ ಅನಂತರ ಸೆರೆ ಅವನ ಪಾಲಿಗೇ ಬಂದಿತು. ಶಾನಿ ಜನರ ನಾಯಕ ಬ್ಲ್ಯಾಕ್‌ಫಿಶ್ ಅವನನ್ನು ಸಾಕುಮಗನನ್ನಾಗಿ ಮಾಡಿಕೊಂಡು, ದೊಡ್ಡ ಆಮೆ ಎಂಬರ್ಥದ ಶೆಲ್ಟೋವೀ ಎಂಬ ಹೆಸರಿಟ್ಟನು. ನಾಲ್ವತ್ತಮೂರರ ಪ್ರಾಯದಲ್ಲಿ ಹೊಸ ತಂದೆ! 1778ರ ಜೂನ್‌ನಲ್ಲಿ ಆ ತಂದೆಯ ಮನೆಯಿಂದ ತಪ್ಪಿಸಿಕೊಂಡು, ನೂರರುವತ್ತು ಮೈಲಿಯ ಕಾಡುದಾರಿಯನ್ನು ನಾಲ್ಕೇ ದಿನಗಳಲ್ಲಿ ದಾಟಿ ಬೂನ್ಸ್‌ಬರೋ ಕೋಟೆಗೆ ಬಂದನು. ಮನೆ ಬರಿದಾಗಿತ್ತು. ಗಂಡ ಸತ್ತನೆಂದು ನಂಬಿದ ರೆಬೆಕ್ಕಾ ಮಕ್ಕಳನ್ನು ಕರೆದುಕೊಂಡು ತವರಿನ ಕಡೆಗೆ ಹೊರಟುಹೋಗಿದ್ದಳು. ತನ್ನ ಗಂಡನೊಡನೆ ಕೋಟೆಯಲ್ಲಿಯೇ ಉಳಿದು ತಂದೆಯನ್ನು ಇದಿರುಗೊಂಡವಳು ಜೆಮೈಮಾ ಒಬ್ಬಳೇ.

ಡ್ರೇಪರ್ ಮುಂದೆ ವಿಸ್ಕಾನ್ಸಿನ್ನಿನ ಇತಿಹಾಸ ಸಂಘದ ಕಾರ್ಯದರ್ಶಿಯಾಗಿ ಮೂವತ್ತೆರಡು ವರ್ಷ ದುಡಿದನು. ಅವನು ಕೂಡಿಹಾಕಿದ ಹಸ್ತಪ್ರತಿಗಳು ಐನೂರು ಸಂಪುಟಗಳ ಹತ್ತಿರ ಬಂದವು. ಬೂನನ ಚರಿತ್ರೆಯನ್ನು ಬರೆಯಲು ಕುಳಿತನು. ಮತ್ತೊಂದು ಪತ್ರ, ಮತ್ತೊಬ್ಬ ಸಾಕ್ಷಿ ಸಿಕ್ಕಲೆಂದು ಕಾದನು. 1891ರಲ್ಲಿ ಅವನು ತೀರಿಕೊಂಡಾಗ ಪುಸ್ತಕ ಮುಗಿದಿರಲಿಲ್ಲ. ಅವನ ಲೇಖನಿ ನಿಂತದ್ದು 1778ರಲ್ಲಿ, ಸಾಕುತಂದೆ ಬ್ಲ್ಯಾಕ್‌ಫಿಶ್ ದಂಡೆತ್ತಿ ಬಂದು ಬೂನ್ಸ್‌ಬರೋ ಕೋಟೆಯನ್ನು ಮುತ್ತಿದ ಕಥೆಯ ಬಳಿ.